ಸಹಾಯ ಬೇಕು: ಬ್ರಿಸಲ್‌ಕೋನ್ ಪೈನ್ ಕಾಡಿಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್‌ನಲ್ಲಿರುವ ಈ ಕಾಡನ್ನು ಸೆಪ್ಟೆಂಬರ್‌ನಲ್ಲಿ ಅಮ್ಮನಿಗೆ ತೋರಿಸುವ ಆಸೆ. ಅಲ್ಲಿನ ಮೆಥುಸೆಲಾ ಮರಕ್ಕೆ 4,800 ವರ್ಷಕ್ಕಿಂತ ಜಾಸ್ತಿ ವಯಸ್ಸು. ಯಾರೂ ಹಾಳು ಮಾಡದಿರಲಿ ಅಂತ ಅದು ಯಾವ ಮರ ಎಂದು ಅರಣ್ಯ ಇಲಾಖೆಯವರು ಗುರುತು ಹಾಕಿಲ್ಲ. ಅದೇ ಸರಿ ಅಲ್ವಾ? ಆ ಮರಗಳ ನಡುವೆ ಸುಮ್ನೆ ಸ್ವಲ್ಪ ಹೊತ್ತು ನಿಂತರೂ ನಮಗೆ ಸಾಕು.

ಚಿಂತೆ ಇರುವುದು ಎತ್ತರದ್ದು. ಆ ಕಾಡಿನ ಶುಲ್ಮನ್ ಗ್ರೋವ್ ಎಂಬ ಮರಗಳ ತೋಪು ಸುಮಾರು 10,000 ಅಡಿ ಎತ್ತರದಲ್ಲಿದೆ, ಅಮ್ಮನಿಗೆ ಬೇಗ ಏದುಸಿರು ಬರುತ್ತದೆ. ಹಿಂದಿನ ರಾತ್ರಿ ಕೆಳಗಿನ ಬಿಷಪ್ ಊರಿನಲ್ಲಿ ಉಳಿದರೆ ಸಾಕಾ, ಇನ್ನೂ ಮೇಲೆ ತಂಗಬೇಕಾ? 1 ಮೈಲಿಯ ಡಿಸ್ಕವರಿ ಟ್ರೇಲ್‌ನಲ್ಲಿ ಏರು ಜಾಸ್ತಿಯಾ? ನಡುವೆ ಕೂರಲು ಜಾಗ ಇದೆಯಾ? ಅದೇ ಕಾಡಿನ ಇನ್ನೊಂದು ತೋಪು ಪೇಟ್ರಿಯಾರ್ಕ್ ಗ್ರೋವ್‌ನ ಮಣ್ಣು ರಸ್ತೆಯಲ್ಲಿ ಸಾಮಾನ್ಯ ಕಾರು ಹೋಗುತ್ತದಾ? ವಯಸ್ಸಾದವರ ಜೊತೆ ಹೋಗಿಬಂದವರು ದಯವಿಟ್ಟು ತಿಳಿಸಿ.