ಅಪ್‌ಡೇಟ್: ನೆರೆ ನುಗ್ಗಿದ ಬಾವಿ ಸರಿಯಾಯ್ತು

ನೆರೆ ಇಳಿದ ಮೇಲೆ ತೆರೆದ ಬಾವಿಯ ನೀರನ್ನು ಮತ್ತೆ ಬಳಸೋದು ಹೇಗೆ ಅಂತ ಕೇಳಿದ್ದೆನಲ್ಲ, ಲ್ಯಾಬ್ ವರದಿ ಬಂತು: ಇ. ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಇಲ್ಲ. ಕೆಲಸ ಮಾಡಿದ್ದು "ಮೊದಲು ಕೆಸರು ತೆಗೀರಿ, ಆಮೇಲೆ ಬ್ಲೀಚಿಂಗ್ ಪೌಡರ್" ಅಂದವರ ಸಲಹೆ. ಕದಡಿದ ನೀರಿಗೆ ಸುರಿದರೆ ಕ್ಲೋರಿನ್ ಎಲ್ಲ ಕೊಳೆಗೇ ಖರ್ಚಾಗಿಬಿಡುತ್ತೆ. "ಪಟಿಕ (ಆಲಂ) ಹಾಕಿದರೆ ಸಾಕು" ಅಂದವರ ಸಲಹೆ ಉಪಯೋಗಕ್ಕೆ ಬರಲಿಲ್ಲ; ಅದರಿಂದ ನೀರು ತಿಳಿಯಾಗಿ ಕಾಣುತ್ತೆ, ಅಷ್ಟೇ.

ಲೆಕ್ಕ ಹೀಗೆ: ವ್ಯಾಸ × ವ್ಯಾಸ × ನೀರಿನ ಆಳ (ಎಲ್ಲ ಮೀಟರಿನಲ್ಲಿ) × 785 = ಲೀಟರ್. ಪ್ರತಿ 1000 ಲೀಟರಿಗೆ 33% ಕ್ಲೋರಿನ್ ಇರುವ ಪೌಡರ್ 150 ಗ್ರಾಂ. ಮಾಮೂಲಿ ದಿನಗಳ 2.5 ಗ್ರಾಂ ಇಲ್ಲಿ ಯಾವ ಮೂಲೆಗೂ ಸಾಲದು. ಹಳೇ, ಬಾಯಿ ತೆರೆದಿಟ್ಟ ಚೀಲದ್ದು ಬೇಡ, ಸತ್ವ ಹೋಗಿರುತ್ತೆ. ಪೌಡರನ್ನು ಪೇಸ್ಟ್ ಮಾಡಿ, ನೀರು ಬೆರೆಸಿ, ಅದರಲ್ಲಿರುವ ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಹುಯ್ದು ಕೊಡದಿಂದ ಚೆನ್ನಾಗಿ ಕಲಕಬೇಕು. ಒಂದು ರಾತ್ರಿ ಬಿಟ್ಟು, ಕ್ಲೋರಿನ್ ವಾಸನೆ ಹೋಗುವವರೆಗೆ ನೀರನ್ನು ಪಂಪ್ ಮಾಡಿ ಹೊರಹಾಕಿ. ಪರೀಕ್ಷೆಗೆ ನೀರು ಕೊಡೋದು ಅದಾದ ಮೇಲೆಯೇ. ವರದಿ ಬರುವ ತನಕ ಕುದಿಸಿ ಕುಡಿಯಿರಿ.

ಗೊತ್ತಿರದಿದ್ದ ಸಂಗತಿ: ನೆರೆ ಇಳಿದ ಕೂಡಲೇ ಬಾವಿಯನ್ನು ಪೂರ್ತಿ ಬರಿದು ಮಾಡಬಾರದು. ನೀರು ಕುಡಿದ ಮಣ್ಣು ಹೊರಗಿಂದ ಒತ್ತುತ್ತಿರುತ್ತೆ, ಒಳಗಿನ ನೀರಿನ ಆಸರೆ ತಪ್ಪಿದರೆ ಗೋಡೆ ಕುಸಿಯಬಹುದು. ಇನ್ನು ಡೀಸೆಲ್, ಕೀಟನಾಶಕ ಸೇರಿದ್ದರೆ ಕ್ಲೋರಿನ್ನೂ ಸಾಲದು, ಕುದಿಸೋದೂ ಸಾಲದು.