ಅಪ್‌ಡೇಟ್: ಅಪ್ಪನ ಎದೆಯಲ್ಲಿ ನೀರು ತುಂಬುತ್ತಿದ್ದ ಕಾರಣ ಗೊತ್ತಾಯಿತು

ಅಪ್ಪನಿಗೆ ಬಲಗಡೆ ಎದೆಯಲ್ಲಿ ನೀರು, ತೆಗೆಸಿದರೂ ಮತ್ತೆ ತುಂಬುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು, ತೂಕವೂ ಇಳಿಯುತ್ತಿದೆ ಎಂದು ಕೇಳಿದ್ದೆ ಅಲ್ವಾ? ಬಯಾಪ್ಸಿ ರಿಪೋರ್ಟ್ ಬಂತು. ಮೀಸೋಥೆಲಿಯೋಮಾ, ಅಂದರೆ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್.

"ಅವರು ಹಿಂದೆ ಎಲ್ಲಿ ಕೆಲಸ ಮಾಡುತ್ತಿದ್ದರು ಅಂತ ಡಾಕ್ಟರಿಗೆ ಹೇಳಿ" ಎಂದವರಿಗೆ ತುಂಬಾ ಥ್ಯಾಂಕ್ಸ್. ಅಪ್ಪ ಹರೆಯದಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಶೀಟ್ ಕಾರ್ಖಾನೆಯಲ್ಲಿದ್ದರು. ಅದನ್ನು ಕೇಳಿದ ಮೇಲೆಯೇ ಡಾಕ್ಟರು ಥೊರಾಕೋಸ್ಕೋಪಿ (ಎದೆಯೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವುದು) ಮಾಡಿ ಬಯಾಪ್ಸಿಗೆ ಪೊರೆಯ ಚೂರು ತೆಗೆದರು.

ಟಿಬಿ ಇರಬಹುದು ಎಂದೂ ಕೆಲವರು ಹೇಳಿದ್ದಿರಿ. ನಮ್ಮಲ್ಲಿ ಎದೆಯಲ್ಲಿ ನೀರು ಅಂದರೆ ಮೊದಲು ಬರುವ ಅನುಮಾನ ಅದೇ. ಪರೀಕ್ಷೆಯಲ್ಲಿ ಟಿಬಿ ಸಿಗಲಿಲ್ಲ. ತೆಗೆದ ನೀರಿನಲ್ಲಿ ಕ್ಯಾನ್ಸರ್ ಕಣಗಳೂ ಕಾಣಲಿಲ್ಲ. ಈ ಕಾಯಿಲೆಯಲ್ಲಿ ಹಾಗಾಗುವುದು ಅಪರೂಪವಲ್ಲವಂತೆ. ನೀರಿನ ರಿಪೋರ್ಟ್ ಚೆನ್ನಾಗಿದೆ ಅಂತ ದಯವಿಟ್ಟು ಸುಮ್ನೆ ಇರಬೇಡಿ, ನೀರು ಮತ್ತೆ ತುಂಬಿದರೆ ಬಯಾಪ್ಸಿ ಬಗ್ಗೆ ಕೇಳಿ.

ನನಗೆ ಜಾಸ್ತಿ ಆಶ್ಚರ್ಯವಾದದ್ದು ಕಾಲದ ಲೆಕ್ಕ. ಕಲ್ನಾರಿನ ಧೂಳು ಒಳಗೆ ಹೋಗಿ 20ರಿಂದ 50 ವರ್ಷಗಳಾದ ಮೇಲೂ ಈ ಕಾಯಿಲೆ ಬರುತ್ತದೆ. ಸಿಗರೇಟು ಇದಕ್ಕೆ ಕಾರಣವಲ್ಲ. ಧೂಳು ಹಿಡಿದ ಕೆಲಸದ ಬಟ್ಟೆ ಒಗೆದ ಹೆಂಡತಿಯರಿಗೂ ಬಂದದ್ದುಂಟು. ಅದಕ್ಕೇ ಅಮ್ಮನಿಗೂ ಎಕ್ಸ್‌ರೇ ಮಾಡಿಸಿದೆವು, ಸದ್ಯಕ್ಕೆ ತೊಂದರೆ ಇಲ್ಲ.

ಇನ್ನೊಂದು ವಿಷಯ. ಕಲ್ನಾರು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ ಇಡಬೇಕು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಪರಿಹಾರ ಕೇಳಲು ಅಪ್ಪನ ಹಳೆಯ ಪಿಎಫ್ ಚೀಟಿ, ಗುರುತಿನ ಚೀಟಿ ಹುಡುಕಿಟ್ಟಿದ್ದೇವೆ. ಕೀಮೋ ಶುರುವಾಗಿದೆ.