ಹೂಜಿಗೆ ವಯಸ್ಸೆಷ್ಟು?

ಶನಿವಾರ ಸಂಜೆ ನಮ್ಮ ಮನೆಯಲ್ಲಿ ಗೆಳೆಯರು ಸೇರಿದರೆ ಮೊದಲು ಮಂಡಕ್ಕಿ ಖಾಲಿಯಾಗುತ್ತದೆ, ಆಮೇಲೆ ನನ್ನ ಮಾನ. ಅಮೆರಿಕದ ಈ ಸ್ಯಾನ್ ಆಂಟೋನಿಯೋದಲ್ಲಿ ಮಂಡಕ್ಕಿಯಾದರೂ ಮತ್ತೆ ಸಿಗುತ್ತದೆ.

ಆ ದಿನ ಬಂದವರು ಮೂವರು. ಮೈಸೂರಿನಿಂದ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿರುವ ಮೇಷ್ಟ್ರು. ಡಾಕ್ಟ್ರು. ಇವರು ಜ್ವರಕ್ಕೆ ಮದ್ದು ಕೊಡುವ ಡಾಕ್ಟರಲ್ಲ, ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ. ಆದರೂ ಎಲ್ಲರೂ ಇವರ ಹತ್ತಿರ ಮಂಡಿನೋವು ಹೇಳಿಕೊಳ್ಳುತ್ತಾರೆ. ಮೂರನೆಯವನು ಭಟ್ಟ. ಭಟ್ಟ ಬರುವುದು ಊಟಕ್ಕೆ. ನಮ್ಮ ಮಾತು ಅವನಿಗೆ ನಂಚಿಕೊಳ್ಳೋಕೆ.

ಹೊಸ ಹೂಜಿಯನ್ನು ಟೀಪಾಯಿ ಮೇಲೆ ಬೇಕೆಂದೇ ಎದ್ದು ಕಾಣುವ ಹಾಗೆ ಇಟ್ಟಿದ್ದೆ. ಕರಿ ಹೂಜಿ. ಹೊಟ್ಟೆಯ ಸುತ್ತ ಕೊರೆದ ಹೂಬಳ್ಳಿ. ಮೈ ಎಂಥ ಹೊಳಪು ಅಂದರೆ ಮೇಷ್ಟ್ರು ಅದರಲ್ಲಿ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು, ತಲೆಯಲ್ಲಿ ಕೂದಲಿದ್ದಿದ್ದರೆ. ಹತ್ತು ನಿಮಿಷವಾದರೂ ಯಾರೂ ಅದರ ವಿಷಯ ಎತ್ತಲಿಲ್ಲ. ಭಟ್ಟ ಅದನ್ನು ಪಕ್ಕಕ್ಕೆ ಸರಿಸಿ ಮಂಡಕ್ಕಿ ಬಟ್ಟಲಿಗೆ ಜಾಗ ಮಾಡಿದ. ನನಗೆ ತಡೆಯಲಾಗಲಿಲ್ಲ.

"ಇನ್ನೂರು ವರ್ಷ ಆಗಿದೆ ಅದಕ್ಕೆ" ಅಂದೆ.

"ಮಂಡಕ್ಕಿಗಾ?" ಅಂದ ಭಟ್ಟ. "ಅದಕ್ಕೇ ಮೆತ್ತಗಾಗಿದೆ."

"ಹೂಜಿಗೆ ಮಾರಾಯ. ಮೆಕ್ಸಿಕೋದ್ದು. ವಹಾಕ ಕಡೆಯದು."

"ಎಲ್ಲಿಗೆ ಹಾಕ?" ಅಂದರು ಮೇಷ್ಟ್ರು.

"ವಹಾಕ. ಊರಿನ ಹೆಸರು. ಬರೆಯೋದು ಓಕ್ಸಾಕ ಅನ್ನೋ ಥರ, ಅನ್ನೋದು ವಹಾಕ."

"ಇರಲಿ. ನಿನ್ನ ಕೈಯಲ್ಲಿ ಎಷ್ಟು ಹಾಕಿಸಿಕೊಂಡ್ರು?"

"ನಲವತ್ತು ಡಾಲರ್" ಅಂದೆ. ಅಂದವನು ಅಡುಗೆಮನೆ ಕಡೆ ಒಮ್ಮೆ ಕಣ್ಣು ಹಾಯಿಸಿದೆ. ಒಳಗೆ ಒಗ್ಗರಣೆ ಚಟಪಟ ಅಂದಿತು. ನನ್ನಾಕೆ ಏನೂ ಅನ್ನಲಿಲ್ಲ.

ಡಾಕ್ಟ್ರು ಹೂಜಿಯನ್ನು ಎತ್ತಿ, ಬೆರಳಿನ ಗೆಣ್ಣಿನಿಂದ ಒಂದು ಸಲ ಬಡಿದರು. 'ಟಪ್' ಅಂತು. ತಲೆ ಅಲ್ಲಾಡಿಸಿದರು. "ನೀರು ತುಂಬಿ ನೋಡಿದ್ರಾ?"

ನೋಡಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಟೀಪಾಯಿ ಮೇಲೆ ಬಳೆಯಾಕಾರದ ಕಲೆ. "ಸ್ವಲ್ಪ ಜಿನುಗ್ತು. ಹಳೇದಲ್ವಾ? ವಯಸ್ಸಾದ ಮೇಲೆ ಯಾರಿಗಾದ್ರೂ ಹಾಗೇನೇ..."

ಮೇಷ್ಟ್ರು ಕೆಮ್ಮಿದರು. ನಾನು ಅಷ್ಟಕ್ಕೇ ನಿಲ್ಲಿಸಿದೆ.

"ಜಿನುಗೋದು ವಯಸ್ಸಿನಿಂದ ಅಲ್ಲ" ಅಂದರು ಡಾಕ್ಟ್ರು. "ಹೊಳಪಿನಿಂದ. ವಹಾಕ ಪಟ್ಟಣದ ಹತ್ತಿರ ಸಾನ್ ಬಾರ್ತೊಲೊ ಕೊಯೊತೆಪೆಕ್ ಅಂತ ಊರಿದೆ. ಅಲ್ಲಿ ತಲೆತಲಾಂತರದಿಂದ ಮಾಡ್ತಿದ್ದದ್ದು ಬೂದು ಬಣ್ಣದ ಗಡಿಗೆ. ಹೊಳಪಿಲ್ಲ, ಆದ್ರೆ ಗಟ್ಟಿ. ಬಡಿದ್ರೆ ಗಂಟೆ ಥರ ಟಣ್ ಅನ್ನುತ್ತೆ. ನೀರು ಹೊರೋಕೆ, ಮೆಸ್ಕಾಲ್ ಅನ್ನೋ ಸಾರಾಯಿ ತುಂಬಿಡೋಕೆ ಅದೇ. 1950ರ ದಶಕದಲ್ಲಿ ಅಲ್ಲಿಯ ಡೋನ್ಯಾ ರೋಸಾ ಅನ್ನೋ ಹೆಂಗಸು ಅರೆ ಒಣಗಿದ ಗಡಿಗೆ ಮೈಯನ್ನು ಬೆಣಚುಕಲ್ಲಲ್ಲಿ ಉಜ್ಜಿ ನೋಡಿದ್ರು. ಕಾವು ಸ್ವಲ್ಪ ಕಡಿಮೆ ಕೊಟ್ರು. ಆವಿಗೆಯ ಬಾಯಿ ಮುಚ್ಚಿ ಹೊಗೆಯನ್ನು ಒಳಗೇ ಕೂಡಿದ್ರು. ಮಣ್ಣಿನಲ್ಲಿರೋ ಕಬ್ಬಿಣಕ್ಕೆ ಗಾಳಿ ಸಿಗದೆ ಮಡಕೆ ಕಪ್ಪಾಗುತ್ತೆ. ಉಜ್ಜಿದ್ದಕ್ಕೆ ಹೊಳಪು ಬರುತ್ತೆ. ಆದ್ರೆ ಕಾವು ಕಡಿಮೆ ನೋಡಿ, ನೀರು ನಿಲ್ಲಲ್ಲ. ಬರೀ ಚೆಂದಕ್ಕೆ."

"ಅಂದ್ರೆ ಈ ಹೊಳಪು ಹುಟ್ಟಿದ್ದೇ 1950ರ ಈಚೆಗೆ" ಅಂದರು ಮೇಷ್ಟ್ರು. ಬೆರಳು ಮಡಿಸಿ ಲೆಕ್ಕ ಹಾಕಿದರು. ಮುಖ ಅರಳಿತು. "ಇದು ನನಗಿಂತ ಚಿಕ್ಕದು ಕಣಯ್ಯಾ! ಪಾಪ, ಸಣ್ಣ ವಯಸ್ಸಿನ ಹೂಜಿಗೆ ಇನ್ನೂರು ವರ್ಷ ಅಂತೀಯಲ್ಲ."

"ಬೆಳ್ಳಗಿರೋದೆಲ್ಲ ಹಾಲಲ್ಲ, ಕಪ್ಪಗಿರೋದೆಲ್ಲ ಹಳೇದಲ್ಲ" ಅಂತ ಭಟ್ಟ ಮಂಡಕ್ಕಿ ಮೆಲ್ಲುತ್ತಲೇ ಸೇರಿಸಿದ.

ನಾನು ಅಂಗಡಿಯವನ ಮಾತು ಹೇಳಿದೆ. ಊರಾಚೆಯ ಹಳೇ ಸಾಮಾನಿನ ಅಂಗಡಿ. ಯಾವುದೋ ದೊಡ್ಡ ಮನೆತನದ ಅಜ್ಜಿ, ಮನೆ ಖಾಲಿ ಮಾಡುವಾಗ ಕಣ್ಣೀರು ಹಾಕಿಕೊಂಡು ಕೊಟ್ಟಳಂತೆ.

"ಹಳೇ ಸಾಮಾನಿನ ಅಂಗಡಿಯವರಿಗೆಲ್ಲ ಒಬ್ಬಳು ಅಜ್ಜಿ ಇರ್ತಾಳೆ" ಅಂದರು ಮೇಷ್ಟ್ರು. "ಅವಳು ಸಾಯೋದೂ ಇಲ್ಲ, ಅವಳ ಮನೆ ಪೂರ್ತಿ ಖಾಲಿ ಆಗೋದೂ ಇಲ್ಲ."

ಇಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸೋತವನು ಇನ್ನೊಂದು ಆಟ ಆಡೋಣ ಅನ್ನುವುದು ಸಹಜ ಅಲ್ವಾ? ಕಪಾಟಿನಿಂದ ತಟ್ಟೆ ತೆಗೆದೆ. ಇದರ ಬಗ್ಗೆ ನನಗೆ ಅನುಮಾನ ಇರಲಿಲ್ಲ. ಮೆಕ್ಸಿಕೋದ ಗ್ವಾದಲಹಾರ ಪಕ್ಕದ ತ್ಲಾಕೆಪಾಕೆ ಊರಿನದು. 1920ರಿಂದ 40ರವರೆಗೆ ಅಮೆರಿಕದ ಪ್ರವಾಸಿಗಳು ಮೂಟೆಗಟ್ಟಲೆ ಹೊತ್ತು ತಂದ ಮಾಲು. ತಟ್ಟೆಯ ನಡುವೆ ಕಳ್ಳಿ ಗಿಡ. ಅದಕ್ಕೆ ಒರಗಿ, ಮುಖದ ತುಂಬ ದೊಡ್ಡ ಟೋಪಿ ಎಳೆದುಕೊಂಡು ಒಬ್ಬ ನಿದ್ದೆ ಮಾಡುತ್ತಿದ್ದಾನೆ.

"ಇವನು ತಾನು ಹಾಕ್ಕೊಂಡು ಮಲಗಿದಾನೆ" ಅಂದ ಭಟ್ಟ. "ನಿನಗೆ ಅಂಗಡಿಯವರು ಹಾಕಿ ಕಳಿಸಿದಾರೆ. ಅಷ್ಟೇ ವ್ಯತ್ಯಾಸ."

ನಾನು ತಟ್ಟೆ ಮಗುಚಿ ತಳ ತೋರಿಸಿದೆ. ಇಂಗ್ಲಿಷ್ ಅಕ್ಷರದಲ್ಲಿ 'ಮೆಕ್ಸಿಕೋ' ಅಂತ ಮುದ್ರೆ. ಹೊರಗಿನಿಂದ ಬರುವ ಮಾಲಿನ ಮೇಲೆ ಯಾವ ದೇಶದ್ದು ಅಂತ ಹಾಕಲೇಬೇಕು ಎಂದು ಅಮೆರಿಕ ಕಾನೂನು ಮಾಡಿದ್ದು 1890ರಲ್ಲಿ. ಹಾಗಾಗಿ ಈ ಮುದ್ರೆ ಇರುವ ತಟ್ಟೆಯನ್ನು ಯಾರಾದರೂ 'ಸ್ಪೇನಿನವರ ಕಾಲದ್ದು' ಅಂದರೆ ನಗಬಹುದು. ಆದರೆ ಮುದ್ರೆ ಇಲ್ಲದ ಮಾತ್ರಕ್ಕೆ ಹಳೆಯದು ಅಂತಲೂ ಅಲ್ಲ. ಅಂಟಿಸಿದ್ದ ಕಾಗದದ ಚೀಟಿ ಯಾವಾಗಲೋ ಉದುರಿರುತ್ತದೆ. ನಿಜ ಹೇಳಬೇಕೆಂದರೆ ಈ ಮಲಗಿದ ಮನುಷ್ಯ ನನಗೂ ಹಿಡಿಸುವುದಿಲ್ಲ. ಅಷ್ಟು ದುಡಿಯುವ ಕುಂಬಾರರ ಊರಿನಿಂದ ಸೋಮಾರಿಯ ಚಿತ್ರವನ್ನೇ ಕೇಳಿ ಬರೆಸಿಕೊಂಡು ಬಂದರಲ್ಲ ಅನಿಸುತ್ತದೆ.

ನನಗೆ ಇಷ್ಟವಾದದ್ದು ಅದರ ಹಿಂದಿದ್ದ ಚಿಕ್ಕ ತಟ್ಟೆ. ಪೆತಾತಿಯೋ ಕೆಲಸ. ಪೆತಾತೆ ಅಂದರೆ ಅವರ ಭಾಷೆಯಲ್ಲಿ ಚಾಪೆ. ಹಳದಿ ಮೈ ಮೇಲೆ ಒಂದು ಜಿಂಕೆ, ನಾಲ್ಕು ಎಲೆ. ಮಿಕ್ಕ ಜಾಗದ ತುಂಬ ಕುಂಚದ ಗೀಟು. ಅಡ್ಡ, ಉದ್ದ, ಮತ್ತೆ ಅಡ್ಡ. ದೂರದಿಂದ ನೋಡಿದರೆ ಜಿಂಕೆ ಚಾಪೆಯ ಮೇಲೆ ನಿಂತ ಹಾಗಿರುತ್ತದೆ. ಮೇಷ್ಟ್ರ ಭೂತಗನ್ನಡಿ ಇಸಕೊಂಡು ತೋರಿಸಿದೆ. ಜಿಂಕೆಯ ಹಿಂಗಾಲಿನ ಹತ್ತಿರ ಎರಡು ಗೀಟು ಒಂದಕ್ಕೊಂದು ತಾಗಿ ಅಂಟಿಕೊಂಡಿವೆ. ಯಾರೋ ಆ ಹೊತ್ತಿಗೆ ಕೂಗಿರಬೇಕು, ಊಟಕ್ಕೆ ಬಾ ಅಂತ. ನೂರಾರು ಗೀಟಿನಲ್ಲಿ ಕೈ ಜಾರಿದ್ದು ಅದೊಂದೇ ಕಡೆ. ಮೇಷ್ಟ್ರು ತುಂಬಾ ಹೊತ್ತು ನೋಡಿದರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನದೇ ಇದ್ದದ್ದು ಆ ಸಂಜೆ ಅದೊಂದೇ ಸಲ.

"ತ್ಲಾಕೆಪಾಕೆಯಿಂದ ಸ್ವಲ್ಪ ದೂರಕ್ಕೆ ಟೊನಾಲ" ಅಂತ ನಾನು ಧೈರ್ಯ ತಂದುಕೊಂಡು ಮುಂದುವರಿಸಿದೆ. "ಅಲ್ಲಿಯ ಮಣ್ಣಿಗೇ ಪರಿಮಳ. ಹೂಜಿಗೆ ನೀರು ಹಾಕಿದ್ರೆ ಮೊದಲ ಮಳೆ ಬಿದ್ದ ಹಾಗೆ ಘಮ್ ಅನ್ನುತ್ತೆ. 17ನೇ ಶತಮಾನದಲ್ಲಿ ಈ ಹೂಜಿ ಹಡಗಲ್ಲಿ ಸ್ಪೇನಿಗೆ ಹೋಗ್ತಿತ್ತು. ಅಲ್ಲಿಯ ದೊಡ್ಡ ಮನೆ ಹೆಂಗಸರು ನೀರು ಕುಡಿದು, ಆಮೇಲೆ ಹೂಜಿಯನ್ನೂ ತಿಂತಿದ್ರು."

"ಹೂಜಿಯನ್ನಾ?" ಭಟ್ಟನಿಗೆ ಮೊದಲ ಸಲ ನಿಜವಾದ ಆಸಕ್ತಿ ಬಂತು.

"ಚೂರು ಚೂರು ಮುರಿದು. ಮೈ ಬೆಳ್ಳಗಾಗುತ್ತೆ ಅಂತ. 1656ರಲ್ಲಿ ವೆಲಾಸ್ಕೆಸ್ ಬರೆದ ದೊಡ್ಡ ಚಿತ್ರ ಇದೆಯಲ್ಲ, 'ಲಾಸ್ ಮೆನಿನಾಸ್', ಅದರಲ್ಲಿ ಪುಟ್ಟ ರಾಜಕುಮಾರಿಗೆ ಒಬ್ಬಳು ತಟ್ಟೆಯಲ್ಲಿ ಕೆಂಪು ಕುಡಿಕೆ ಕೊಡ್ತಿದಾಳೆ. ಅದು ಟೊನಾಲದ್ದೇ ಅನ್ನೋರೂ ಇದಾರೆ."

"ನಗಬೇಡ್ರಿ" ಅಂದರು ಮೇಷ್ಟ್ರು. "ಬಸುರಿಯರು ಕದ್ದು ಮಣ್ಣು ತಿನ್ನೋದು ನಮ್ಮಲ್ಲಿ ಇಲ್ವಾ? ನಾನೇ ಒಂದನೇ ಕ್ಲಾಸಲ್ಲಿ ಬಳಪ ತಿಂದು ಮುಗಿಸ್ತಿದ್ದೆ. ಆಮೇಲೆ ಮೇಷ್ಟ್ರಾದ ಮೇಲೆ ಅದಕ್ಕೇ ಮಕ್ಕಳಿಗೆ ಹೊಡೀತಿದ್ದೆ."

"ಎಷ್ಟು ಬೆಳ್ಳಗಾದ್ರಿ?" ಅಂತ ಭಟ್ಟ ಕೇಳಿದ. ಉತ್ತರ ಬರಲಿಲ್ಲ.

ಮಾತು ನಾಯಿಗೆ ಬಂತು. ಹೋದ ವರ್ಷ ಒಂದು ಸಂತೆಯಲ್ಲಿ ನಾನು ಕೊಲಿಮಾ ನಾಯಿಗೆ ಮನಸೋತಿದ್ದೆ. ಪಶ್ಚಿಮ ಮೆಕ್ಸಿಕೋದಲ್ಲಿ ಸುಮಾರು 2000 ವರ್ಷದ ಹಿಂದೆ, ಬಾವಿಯ ಹಾಗೆ ತೋಡಿದ ಗೋರಿಗಳಲ್ಲಿ ಸತ್ತವರ ಜೊತೆ ಇಡುತ್ತಿದ್ದ ಕೆಂಪು ಮಣ್ಣಿನ ನಾಯಿ. ಡುಮ್ಮ ಹೊಟ್ಟೆ, ಗಿಡ್ಡ ಕಾಲು, ಈಗಷ್ಟೇ ಮೊಸರನ್ನ ತಿಂದ ಮುಖ.

"ತಗೊಂಡ್ರಾ?" ಡಾಕ್ಟ್ರ ದನಿ ಗಟ್ಟಿಯಾಯಿತು. "1972ರ ಕಾನೂನಿನ ಪ್ರಕಾರ ಅಂಥ ಹಳೇದೆಲ್ಲ ಮೆಕ್ಸಿಕೋ ಸರ್ಕಾರದ ಸ್ವತ್ತು. ದೇಶ ಬಿಟ್ಟು ತರೋ ಹಾಗಿಲ್ಲ."

"ಹಾಗಾದ್ರೆ ಸುಲಭ" ಅಂದರು ಮೇಷ್ಟ್ರು. "ಅಸಲಿ ಆದ್ರೆ ಕಳ್ಳಮಾಲು. ನಕಲಿ ಆದ್ರೆ ಟೋಪಿ. ಎರಡರಲ್ಲಿ ಯಾವುದು ಬೇಕು ಅಂತ ಸಂತೆಯವನನ್ನ ಕೇಳಬೇಕಿತ್ತು."

ನಕಲಿ ಅಂದಕೂಡಲೇ ನನಗೆ ಬ್ರಿಹಿದೊ ಲಾರಾ ನೆನಪಾದ. ವೆರಾಕ್ರುಸ್ ಕಡೆಯ ಕುಂಬಾರ. ಹಳೆಯ ಕಾಲದ ದೇವರು, ಯೋಧರು, ಏನು ಬೇಕಾದರೂ ಮಾಡುತ್ತಿದ್ದ. 1974ರಲ್ಲಿ ಪೊಲೀಸರು ಅವನನ್ನು ಹಿಡಿದು, ಗೋರಿ ಅಗೆದು ಪ್ರಾಚೀನ ವಸ್ತು ಕದ್ದಿದ್ದೀಯ ಅಂತ ಜೈಲಿಗೆ ಹಾಕಿದರು. ತಜ್ಞರು ನೋಡಿ, ಇವು ಅಸಲಿಯೇ ಅಂದರು. ಅವನು ಒಂದೇ ಮಾತು ಹೇಳಿದ: ಸ್ವಲ್ಪ ಜೇಡಿಮಣ್ಣು ತರಿಸಿಕೊಡಿ. ಜೈಲಿನಲ್ಲೇ ಕೂತು ಅಂಥವನ್ನೇ ಮಾಡಿ ತೋರಿಸಿದ. ಬಿಡುಗಡೆಯಾಯಿತು. ಅಷ್ಟೇ ಅಲ್ಲ, ಅಲ್ಲಿಯ ಹಲಾಪ ಊರಿನ ಮ್ಯೂಸಿಯಂ ಅವನಿಗೆ ಕೆಲಸವನ್ನೇ ಕೊಟ್ಟಿತು. ಅಮೆರಿಕದ ಮ್ಯೂಸಿಯಮ್ಮುಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತಿರುವ ಕೆಲವು ದೇವರು ತನ್ನ ಕೈಯವೇ ಅಂತ ಅವನು ಆಮೇಲೆ ಹೇಳಿದ.

"ಒಳ್ಳೆ ಕೇಸು" ಅಂದರು ಮೇಷ್ಟ್ರು. "ನಾನು ಕಳ್ಳ ಅಲ್ಲ, ಮೋಸಗಾರ ಅಂತ ಸಾಬೀತು ಮಾಡಿ ಹೊರಗೆ ಬಂದವನು ಇವನೊಬ್ಬನೇ ಇರಬೇಕು."

ಗಾಳಿ ನನ್ನ ಕಡೆ ತಿರುಗಿದೆ ಅನಿಸಿತು. ಮೆಕ್ಸಿಕೋದ ಚಿತ್ರಕಾರ ದಿಯೆಗೊ ರಿವೆರಾ ಇಂಥ ಹಳೆಯ ಬೊಂಬೆಗಳನ್ನು ಹುಚ್ಚು ಹಿಡಿದವನಂತೆ ಕೂಡಿಟ್ಟದ್ದು, ಅವಕ್ಕೆಂದೇ ಆನಾವಾಕಾಯಿ ಅಂತ ಕಲ್ಲಿನ ಕಟ್ಟಡ ಶುರು ಮಾಡಿದ್ದು, 1957ರಲ್ಲಿ ತೀರಿಕೊಂಡ ಮೇಲೆ 1964ರಲ್ಲಿ ಅದು ಮ್ಯೂಸಿಯಂ ಆಗಿ ತೆರೆದದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಆಮೇಲೆ ದನಿ ಸ್ವಲ್ಪ ಏರಿಸಿ, ಅಡುಗೆಮನೆಗೂ ಕೇಳುವ ಹಾಗೆ, "ಅವನ ಹೆಂಡತಿ ಫ್ರೀಡಾ ಕಾಲೊ ಅಡುಗೆಮನೆ ಗೋಡೆ ಮೇಲೆ ಪುಟ್ಟ ಪುಟ್ಟ ಮಣ್ಣಿನ ಕುಡಿಕೆ ಜೋಡಿಸಿ ಇಬ್ಬರ ಹೆಸರೂ ಬರೆದಿದ್ದಳು" ಅಂದೆ.

"ಅದು ಅವಳ ಸ್ವಂತ ಮನೆ" ಅಂತ ಒಳಗಿನಿಂದ ಉತ್ತರ ಬಂತು. "ಇಲ್ಲಿ ಮೊಳೆ ಹೊಡೆದ್ರೆ ಡೆಪಾಸಿಟ್ ಹೋಗುತ್ತೆ."

"ಅಲ್ಲಯ್ಯಾ, ಇದೇ ಊರಿನ ಮ್ಯೂಸಿಯಮ್ಮಲ್ಲಿ ರಾಕ್‌ಫೆಲ್ಲರ್ ಕೂಡಿಟ್ಟ ಮೆಕ್ಸಿಕೋ ಸಾಮಾನು ಬೇಕಾದಷ್ಟು ಇದೆಯಲ್ಲ" ಅಂದರು ಮೇಷ್ಟ್ರು. "ಮಗಳು ಕರಕೊಂಡು ಹೋಗಿದ್ದಳು. ಟಿಕೆಟ್ ತಗೊಂಡು ನೋಡಿ ಬಂದ್ರೆ ಮುಗೀತು. ಧೂಳು ಅವರೇ ಒರೆಸ್ತಾರೆ."

ನಾನು ಕೊನೆಯ ಅಸ್ತ್ರ ತೆಗೆದೆ. 1976ರಲ್ಲಿ ನ್ಯೂ ಮೆಕ್ಸಿಕೋದ ಡೆಮಿಂಗ್ ಊರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸ್ಪೆನ್ಸರ್ ಮೆಕಾಲಮ್ ಎಂಬಾತ ಮೂರು ಮಡಕೆ ನೋಡಿದ. ಉತ್ತರ ಮೆಕ್ಸಿಕೋದಲ್ಲಿ ಹಾಳುಬಿದ್ದಿರುವ ಪ್ರಾಚೀನ ಪಾಕಿಮೆ ಊರಿನವು ಅನ್ನಬೇಕು, ಅಂಥವು. ಮಾಡಿದವರು ಯಾರು ಅಂತ ಗಡಿ ದಾಟಿ ಹುಡುಕುತ್ತಾ ಹೋಗಿ ಮಾತಾ ಒರ್ತಿಸ್ ಹಳ್ಳಿ ಸೇರಿದ. ಅಲ್ಲಿದ್ದ ಹುವಾನ್ ಕೆಸಾದಾ. ಯಾರ ಹತ್ತಿರವೂ ಕಲಿಯದೆ, ನೆಲದಲ್ಲಿ ಸಿಕ್ಕ ಹಳೆಯ ಚೂರುಗಳನ್ನು ನೋಡಿ ನೋಡಿ ತಾನೇ ಕಂಡುಕೊಂಡವನು. ತಿಗರಿ ಇಲ್ಲ. ಕುಂಚಕ್ಕೆ ಮಕ್ಕಳ ತಲೆಗೂದಲು. ಸುಡೋಕೆ ಒಣಗಿದ ಸಗಣಿ.

"ಬೆರಣಿಯಾ!" ಮೇಷ್ಟ್ರಿಗೆ ಸಂತೋಷವೋ ಸಂತೋಷ. "ನೋಡು, ಅಲ್ಲಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಅವನಿಗೆ ಸಿಕ್ಕಿದ್ದು ಕಲಾವಿದ. ನಿನಗೆ ಸಿಕ್ಕಿದ್ದು ಅಜ್ಜಿ."

ಊಟಕ್ಕೆ ಎದ್ದೆವು. ಭಟ್ಟ ಎಂದಿನಂತೆ ಮೊದಲು ನಿಂಬೆಕಾಯಿ ಉಪ್ಪಿನಕಾಯಿ ಬಡಿಸಿಕೊಂಡು ಕಣ್ಣು ಮುಚ್ಚಿದ. ಡಾಕ್ಟ್ರ ಕಣ್ಣು ಮಾತ್ರ ಊಟದ ಮೇಜಿನ ಮೇಲಿದ್ದ ಮುಚ್ಚಳದ ಹಸಿರು ಗಡಿಗೆಯ ಮೇಲೆ. ವಹಾಕದ್ದೇ, ಆತ್ಸೋಂಪ ಊರಿನದು. ಗಾಜಿನಂಥ ಹಸಿರು ಲೇಪ.

"ಉಪ್ಪಿನಕಾಯಿ ಇದರಲ್ಲೇ ಹಾಕೋದಾ?"

ಭಟ್ಟನ ಕೈ ಅರ್ಧದಲ್ಲೇ ನಿಂತಿತು.

ಡಾಕ್ಟ್ರು ವಿವರಿಸಿದರು. ಹಳೇ ಲೇಪಕ್ಕೆ ಹಾಕುತ್ತಿದ್ದದ್ದು ಸೀಸದ ಪುಡಿ. ಕಟ್ಟಿಗೆ ಆವಿಗೆಯ ಕಡಿಮೆ ಕಾವಿನಲ್ಲಿ ಅದು ಗಟ್ಟಿಯಾಗಿ ಕೂರುವುದಿಲ್ಲ. ಹುಳಿ ತಾಗಿದರೆ ಬಿಟ್ಟುಕೊಳ್ಳುತ್ತದೆ. ಟೊಮ್ಯಾಟೊ, ಹುಣಸೆ, ನಿಂಬೆ, ಯಾವ ಹುಳಿಯಾದರೂ ಸರಿ. ಈಗ ಸೀಸವಿಲ್ಲದ ಲೇಪ ಬಂದಿದೆ, ಆದರೆ ಹಳೆಯದನ್ನು ನೋಡಬಹುದು, ಅದರಲ್ಲಿ ತಿನ್ನಬಾರದು. ಸೀಸ ಇದೆಯೋ ಇಲ್ಲವೋ ನೋಡುವ ಪರೀಕ್ಷೆ ಕಡ್ಡಿ ಇದೆಯಾ ಅಂತ ಕೇಳಿದರು. ಇತ್ತು. ವರ್ಷದಿಂದ ಡ್ರಾಯರಿನಲ್ಲಿ, ಬಿಚ್ಚದೆ. ಗೊತ್ತಾಗದೆ ಇದ್ದರೆ ನೆಮ್ಮದಿ ಅಂತ ನಾನೇ ಬಿಟ್ಟಿದ್ದೆ. ಡಾಕ್ಟ್ರು ಕಡ್ಡಿ ಒದ್ದೆ ಮಾಡಿ ಗಡಿಗೆಯ ಕಂಠಕ್ಕೆ ಉಜ್ಜಿದರು. ಹತ್ತಿಯ ತುದಿ ಗುಲಾಬಿಯಾಯಿತು. ಭಟ್ಟನ ಮುಖ ಬಿಳಿಯಾಯಿತು, ಸ್ಪೇನಿನ ಹೆಂಗಸರು ಹೊಟ್ಟೆಕಿಚ್ಚು ಪಡುವಷ್ಟು.

"ಎರಡು ವರ್ಷದಿಂದ ತಿಂತಾ ಇದೀನಲ್ಲೋ! ಹೋದ ವಾರ ಡಬ್ಬಿ ಬೇರೆ ತಗೊಂಡು ಹೋಗಿದೀನಿ!"

ನನ್ನಾಕೆ ಸಾರಿನ ಪಾತ್ರೆ ತಂದಿಟ್ಟಳು. "ಸುಮ್ನೆ ಊಟ ಮಾಡ್ರಿ ಭಟ್ರೆ. ಉಪ್ಪಿನಕಾಯಿ ಇರೋದು ಊರಿಂದ ತಂದ ನಮ್ಮಮ್ಮನ ಭರಣಿಯಲ್ಲಿ. ಇವರು ತಂದಿದ್ದರಲ್ಲಿ ನಾನು ಇವತ್ತಿನವರೆಗೆ ಒಂದು ಚಮಚ ಉಪ್ಪೂ ಹಾಕಿಲ್ಲ."

ಭಟ್ಟನಿಗೆ ಜೀವ ಬಂತು. "ಮತ್ತೆ ಈ ಗಡಿಗೆಯಲ್ಲಿ ಏನಿದೆ?"

"ರಸೀದಿ" ಅಂದಳು. ಮುಚ್ಚಳ ತೆಗೆದಳು. ಅಂಗಡಿ ಅಂಗಡಿಯ ಚೀಟಿಗಳು, ನನ್ನ ಜೇಬಿನಿಂದ ಬಟ್ಟೆ ಒಗೆಯುವ ಮುಂಚೆ ತೆಗೆದವು, ತಾರೀಕಿನ ಪ್ರಕಾರ ಮಡಿಸಿ ಇಟ್ಟಿದ್ದವು. ಎಲ್ಲಕ್ಕಿಂತ ಮೇಲಿನದನ್ನು ಮೇಷ್ಟ್ರು ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡರು.

"ಇದರಲ್ಲಿ ಅಜ್ಜಿ ಇಲ್ಲ" ಅಂದರು. "ಇನ್ನೂರು ವರ್ಷವೂ ಇಲ್ಲ. 'ಅಲಂಕಾರದ ಹೂಜಿ, ಕಪ್ಪು, ಒಂದು' ಅಂತ ಅಷ್ಟೇ ಇದೆ." ಚೀಟಿಯನ್ನು ಇನ್ನೂ ಸ್ವಲ್ಪ ಹತ್ತಿರ ಹಿಡಿದರು. "ಎಷ್ಟು ಅಂದೆ, ನಲವತ್ತಾ? ಇಲ್ಲಿ ನಾಲ್ಕಂತೂ ಇದೆಯಪ್ಪ. ಸೊನ್ನೆ ಮಾತ್ರ ಒಂದು ಜಾಸ್ತಿ."